ಒತ್ತಿ ಅಳೆದ ಕಣ್ಣು

ನಮ್ಮ ಊರಿನಲ್ಲಿ ಯಾರೂ ಯಾರನ್ನೂ ಎದುರಿನಿಂದ ನೋಡುವುದಿಲ್ಲ. ಎದುರಿನಿಂದ ನೋಡಿದರೆ ಎಲ್ಲರೂ ದೇವರಂಥವರೇ. ಪಕ್ಕಕ್ಕೆ ಸರಿದು ಕೆನ್ನೆಯ ಕಡೆಯಿಂದ ನೋಡಿದಾಗ ಮಾತ್ರ ಮನುಷ್ಯನ ಕಣ್ಣು ಎಷ್ಟು ಹೊರಗೆ ಬಂದಿದೆ ಎನ್ನುವುದು ತಿಳಿಯುತ್ತದೆ. ಹಾಗಾಗಿ ಚಹಾದಂಗಡಿಯಲ್ಲಿ ಬೆಂಚುಗಳನ್ನು ಎದುರುಬದುರು ಹಾಕುವುದಿಲ್ಲ, ಒಂದೇ ಸಾಲಿಗೆ ಹಾಕುತ್ತಾರೆ. ಹೆಣ್ಣು ನೋಡಲು ಹೋದವರು ಗೋಡೆಗೆ ಒರಗಿ ಕೂರುತ್ತಾರೆ, ಹುಡುಗಿ ಅವರ ಮುಂದೆ ಅಡ್ಡಲಾಗಿ ನಡೆದು ಹೋಗುತ್ತಾಳೆ. ಆಮೇಲೆ ಹುಡುಗನೂ ನಡೆಯಬೇಕು. ಆ ಮಟ್ಟಿಗೆ ನಮ್ಮದು ನ್ಯಾಯದ ಊರು.

ಹೇಳಬೇಕಾದವರಿಗೆ ಹೇಳದೆ ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ನಮ್ಮಲ್ಲಿ ಕಣ್ಣು ಮುಂದೆ ಬರುತ್ತದೆ. ಹೇಳಿಬಿಟ್ಟರೆ ಒಳಗೆ ಸರಿಯುತ್ತದೆ. ಅದಕ್ಕೇ ನಮ್ಮ ಜನ ಸ್ವಲ್ಪ ಒರಟು. ಬೀಗರ ಮನೆಯಲ್ಲಿ ಉಂಡು ಕೈ ತೊಳೆಯುವ ಮೊದಲೇ "ಹೋಳಿಗಿ ಸಪ್ಪಗಿದ್ದುವು" ಎಂದು ಹೇಳಿಬಿಡುತ್ತಾರೆ. ಬೀಗರೂ ಬಿಡುವವರಲ್ಲ, "ನಿಮ್ಮ ಮಾರಿಗೆ ಅಷ್ಟ ಬೆಲ್ಲ ಸಾಕು ಅನ್ನಿಸ್ತು" ಎನ್ನುತ್ತಾರೆ. ಜಗಳವಾಗುತ್ತದೆ, ಆದರೆ ಇಬ್ಬರ ಕಣ್ಣೂ ಇದ್ದ ಜಾಗದಲ್ಲಿ ಇರುತ್ತದೆ. ಎಣ್ಣೆ ಅಂಗಡಿಯ ಬಾಳಪ್ಪ ತನ್ನ ತಮ್ಮ ಪರವೂರಿನಲ್ಲಿ ಸತ್ತ ಸುದ್ದಿಯನ್ನು ಮುದುಕಿ ತಾಯಿಗೆ ತಿಳಿಸದೆ ಒಂದು ಬೇಸಿಗೆಯಿಡೀ ಮುಚ್ಚಿಟ್ಟಿದ್ದ. ಕೊನೆಕೊನೆಗೆ ಅವನಿಗೆ ರೆಪ್ಪೆ ಮುಚ್ಚಲು ಬರುತ್ತಿರಲಿಲ್ಲ, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗುತ್ತಿದ್ದ. ಮುದುಕಿ ಅವನ ಕೆನ್ನೆಯ ಕಡೆಗೆ ನೋಡಿಯೇ ಅಳಲು ಶುರುಮಾಡಿದಳು.

ಬರಿಗಣ್ಣಿಗೆ ಕಂಡದ್ದನ್ನು ನಂಬಿ ಎಷ್ಟೋ ಹೊಡೆದಾಟಗಳಾದ ಮೇಲೆ ಹಿರಿಯರು ಕಣ್ಗೋಲು ತರಿಸಿದರಂತೆ. ಅದು ಗೇಣುದ್ದದ ಹಿತ್ತಾಳೆಯ ಪಟ್ಟಿ, ಎರಡೂ ತುದಿಗೆ ಒಂದೊಂದು ಕಾಲು. ಆ ಕಾಲುಗಳನ್ನು ಎರಡು ಕಣ್ಣುಗಳ ಹೊರಮೂಲೆಯ ಎಲುಬಿಗೆ ಊರಿ ಹಿಡಿಯಬೇಕು. ಕಾಲಿನ ಪಕ್ಕದಲ್ಲಿ ಓರೆಯಾಗಿ ಕೂರಿಸಿದ ಪುಟ್ಟ ಕನ್ನಡಿ ಇದೆ. ಅದರಲ್ಲಿ ಕಣ್ಣು ಪಕ್ಕದಿಂದ ಕಾಣುತ್ತದೆ, ಅದರ ತುದಿ ಎಷ್ಟನೆಯ ಗೆರೆಗೆ ಮುಟ್ಟಿದೆ ಎಂದು ಓದಬಹುದು. ಎಲುಬಿನಿಂದ ಕಣ್ಣಿನ ತುದಿಗೆ ಎಷ್ಟು ದೂರವೋ ಅಷ್ಟು ಆ ಮನುಷ್ಯನ ಲೆಕ್ಕ. ವರ್ಷಕ್ಕೊಂದು ಅಮಾವಾಸ್ಯೆಗೆ ಊರಿಗೆಲ್ಲ ಅಳತೆ. ಹದಿನೆಂಟು ಗೆರೆಯವರೆಗೆ ಸಂಭಾವಿತ. ದಾಟಿದರೆ ಬಾಗಿಲಿಗೆ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಾರೆ. ಆಮೇಲೆ ಆ ಮನೆಯಿಂದ ಯಾರೂ ಹೆಪ್ಪಿಗೆ ಮಜ್ಜಿಗೆ ಒಯ್ಯುವುದಿಲ್ಲ, ಆ ಮನೆಯ ಹೆಂಗಸನ್ನು ಬಾಣಂತಿಯ ಕೋಣೆಗೆ ಬಿಡುವುದಿಲ್ಲ. ಮುಂದಿನ ಅಮಾವಾಸ್ಯೆಗೆ ಚಾವಡಿಯಲ್ಲಿ ಮರು ಅಳತೆ. ಆಗಲೂ ದಾಟಿದರೆ ಒಳಗಿನ ಮಾತನ್ನು ಎಲ್ಲರ ಮುಂದೆ ಹೇಳಿ ಕಣ್ಣು ಇಳಿಸಿಕೊಳ್ಳಬೇಕು. ಇಲ್ಲವಾದರೆ ಗಂಡ ಹೆಂಡತಿ ಒಂದೇ ಸೂರಿನಡಿ ಇರುವಂತಿಲ್ಲ, ಹೆಂಡತಿಯನ್ನು ತವರಿಗೆ ಕಳಿಸುತ್ತಾರೆ.

ನಾನು ಶರಭಪ್ಪ, ಹಿಟ್ಟಿನ ಗಿರಣಿ ಇಟ್ಟವನು. ಹೋದ ವರ್ಷದವರೆಗೆ ಊರ ಪಂಚರಲ್ಲಿ ಒಬ್ಬನಾಗಿದ್ದೆ. ವಾಡೆ ಎನ್ನುವ ದೊಡ್ಡ ಮನೆಯ ಅಪ್ಪಾಸಾಹೇಬರ ಜೊತೆ ಕೆರೆಯ ಕೋಡಿಯ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ತಲೆಯ ಪಟಕಾ ಕೊಡವಿಕೊಂಡು ಎದ್ದು ಬಂದೆ. ಯಾರೂ ವಾಪಸು ಕರೆಯಲಿಲ್ಲ. ಅದು ನನಗೆ ಇನ್ನೂ ಉರಿಯುತ್ತದೆ. ನನ್ನದು ಸಂಶಯದ ಸ್ವಭಾವ ಎಂದು ಜನ ಹೇಳುತ್ತಾರೆ. ಬೀಸಲು ಕೊಟ್ಟ ಜೋಳಕ್ಕಿಂತ ಹಿಟ್ಟು ಕಡಿಮೆ ಬಂತೆಂದು ದಿನಾ ನನ್ನನ್ನೇ ಸಂಶಯಿಸುವವರು ಈ ಮಾತು ಹೇಳುತ್ತಾರೆ ಎನ್ನುವುದನ್ನು ನೆನಪಿಡಬೇಕು.

ನನ್ನ ಹೆಂಡತಿ ಹೇಮವ್ವ. ಊರಿನ ಅರ್ಧ ಹೆರಿಗೆಗಳು ಅವಳ ಕೈಯಲ್ಲೇ ಆದವು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ, ಆದರೆ ಮನೆಗೆ ಬಂದವರಿಗೆ ಒಂದು ತಂಬಿಗೆ ನೀರು ಕೊಡುವುದರಲ್ಲೂ ಒಂದು ಅಚ್ಚುಕಟ್ಟು. ಇಷ್ಟು ವರ್ಷ ಅವಳ ಅಳತೆ ಹದಿನಾಲ್ಕು ದಾಟಿರಲಿಲ್ಲ. ನನ್ನದೂ ಹಾಗೇ. ಈ ವರ್ಷದ ಅಳತೆಯ ಅಮಾವಾಸ್ಯೆಯಂದು ಚಾವಡಿಗೆ ಹೋದಾಗ ನಮ್ಮಿಬ್ಬರ ಮನಸ್ಸಿನಲ್ಲೂ ಏನೂ ಇರಲಿಲ್ಲ.

ಅಳತೆ ಮಾಡುವವನು ಪಂಪಣ್ಣ. ಅವನ ಅಪ್ಪನೂ ಅದೇ ಕೆಲಸ ಮಾಡುತ್ತಿದ್ದ. ಹೇಮವ್ವನನ್ನು ಮಣೆಯ ಮೇಲೆ ಕೂರಿಸಿ, "ಅಲುಗಾಡಬ್ಯಾಡ್ರಿ ಯಕ್ಕಾ" ಎಂದು ಕಣ್ಗೋಲು ಊರಿದ. ಕನ್ನಡಿ ನೋಡಿದ, ಮತ್ತೊಮ್ಮೆ ನೋಡಿದ.

"ಇಪ್ಪತ್ತು" ಎಂದ.

ಸಾಲಿನಲ್ಲಿ ನಿಂತಿದ್ದವರೆಲ್ಲ ಒಂದೇ ಸಲ ಪಕ್ಕಕ್ಕೆ ಸರಿದು ಅವಳ ಕೆನ್ನೆಯ ಕಡೆ ನೋಡಿದರು. ಆಮೇಲೆ ನನ್ನನ್ನು ಕೂರಿಸಿದ. ನನ್ನದು ಹತ್ತೊಂಬತ್ತು.

ನನ್ನ ಮಟ್ಟಿಗೆ ಅದು ಯಂತ್ರದ ತಪ್ಪು. ಇದರಲ್ಲಿ ನನಗೆ ಕಿಂಚಿತ್ತೂ ಅನುಮಾನ ಬರಲಿಲ್ಲ. ನಾನು ಏನನ್ನೂ ಮುಚ್ಚಿಟ್ಟಿಲ್ಲ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಂಪಣ್ಣನಿಗೆ ವಯಸ್ಸಾಯಿತು, ಕನ್ನಡಿ ಮಾಸಿದೆ, ಚಾವಡಿಯಲ್ಲಿ ಬೆಳಕು ಸಾಲದು. ಆದರೆ ಹೇಮವ್ವನ ಇಪ್ಪತ್ತಿಗೆ ಈ ಯಾವ ಕಾರಣವೂ ನನಗೆ ನೆನಪಾಗಲಿಲ್ಲ. ಅದೇ ಕನ್ನಡಿ, ಅದೇ ಬೆಳಕು, ಅದೇ ಪಂಪಣ್ಣ. ಆದರೂ ನನ್ನದು ಯಂತ್ರದ ತಪ್ಪು, ಅವಳದು ಅವಳ ತಪ್ಪು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುತ್ತಾರೆ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಬಾಗಿಲಿಗೆ ಕೆಮ್ಮಣ್ಣು ಬಿತ್ತು. ಗಿರಣಿಗೆ ಬರುವವರು ಡಬ್ಬಿಗಳನ್ನು ಹೊತ್ತು ಕೆಳಪೇಟೆಯ ಗಿರಣಿಗೆ ಹೋಗತೊಡಗಿದರು. ತುಂಬು ಬಸುರಿಯಾಗಿದ್ದ ಪಕ್ಕದ ಮನೆಯ ಸೊಸೆ ಹೇಮವ್ವನನ್ನು ಕಂಡರೆ ಒಳಗೆ ಹೋಗುತ್ತಿದ್ದಳು. ಹೇಮವ್ವ ಒಂದು ಮಾತೂ ಆಡಲಿಲ್ಲ. ತಪ್ಪಿಲ್ಲದವಳಾಗಿದ್ದರೆ ಬಾಯಿ ಮಾಡಿ ಅತ್ತು ಕರೆಯುತ್ತಿದ್ದಳು ಎಂದು ನಾನು ಅಂದುಕೊಂಡೆ. ಅತ್ತು ಕರೆದಿದ್ದರೆ, ತಪ್ಪಿಲ್ಲದವಳು ಹೀಗೇಕೆ ಬಾಯಿ ಮಾಡುತ್ತಾಳೆ ಎಂದು ಅಂದುಕೊಳ್ಳುತ್ತಿದ್ದೆನೋ ಏನೋ.

ಏನು ಮುಚ್ಚಿಟ್ಟಿದ್ದಾಳೆ? ಕೇಳಿಬಿಡಬಹುದಿತ್ತು. ನಮ್ಮ ಊರಿನಲ್ಲಿ ಕೇಳುವುದೇ ರೂಢಿ. ಆದರೆ ಕೇಳಿದರೆ ನಾನು ಸಂಶಯಪಟ್ಟೆ ಎಂದಾಗುತ್ತದೆ. ಸುಳ್ಳು ಹೇಳಿದರೆ ಎನ್ನುವ ಭಯ ಬೇರೆ. ಅದಕ್ಕೆ ಕೇಳದೆ ಕಂಡುಹಿಡಿಯಲು ಹೊರಟೆ. ಅವಳು ಹಿತ್ತಲಿಗೆ ಹೋದರೆ ನಾನು ಕಿಟಕಿಗೆ ಬರುತ್ತಿದ್ದೆ. ಅವಳ ಟ್ರಂಕು ತೆಗೆದು ಸೀರೆಯ ಮಡಿಕೆಗಳಲ್ಲಿ ಕೈ ಆಡಿಸಿದೆ. ಸಿಕ್ಕಿದ್ದು ನುಸಿಗುಳಿಗೆ, ನನ್ನದೇ ಒಂದು ಹಳೆಯ ಅಂಗಿಯ ಗುಂಡಿ. ಆ ಗುಂಡಿಯನ್ನು ಯಾಕೆ ಇಟ್ಟುಕೊಂಡಿದ್ದಾಳೆ ಎಂದು ಎರಡು ದಿನ ಯೋಚಿಸಿದೆ. ಪಲ್ಲೆಯಲ್ಲಿ ಉಪ್ಪು ಹೆಚ್ಚಾದ ದಿನ, ಇವಳ ಮನಸ್ಸು ಎಲ್ಲಿದೆ ಎಂದುಕೊಂಡೆ. ಉಪ್ಪು ಸರಿಯಾಗಿದ್ದ ದಿನ, ನನ್ನನ್ನು ಮರುಳು ಮಾಡಲು ಇಷ್ಟು ರುಚಿಯಾಗಿ ಮಾಡಿದ್ದಾಳೆ ಎಂದುಕೊಂಡೆ. ಒಂದು ಸಲ ಗಿರಣಿಯಿಂದ ಬೇಗ ಬಂದಾಗ ಅವಳು ನನ್ನ ಕೋಟಿನ ಜೇಬು ತಡವುತ್ತಿದ್ದಳು. "ಒಗಿಯಾಕ ಹಾಕಬೇಕಿತ್ತು" ಎಂದಳು. ಕೋಟು ಹಿಂದಿನ ದಿನವಷ್ಟೇ ಒಗೆದದ್ದು.

ಆಗ ನನಗೆ ಹೊಳೆಯಬೇಕಿತ್ತು. ಅವಳಿಗೂ ನನ್ನ ಹತ್ತೊಂಬತ್ತು ಕೇಳಿಸಿತ್ತಲ್ಲ. ಆದರೆ ನನ್ನ ತಲೆ ಆ ಕಡೆಗೆ ಓಡಲೇ ಇಲ್ಲ. ಇಬ್ಬರೂ ಒಂದೇ ಸಾಲಿಗೆ ಕುಳಿತು ಉಣ್ಣುತ್ತಿದ್ದೆವು, ಓರೆಗಣ್ಣಿನಿಂದ ಒಬ್ಬರ ಕೆನ್ನೆ ಒಬ್ಬರು ನೋಡುತ್ತಿದ್ದೆವು.

ನಿಜಾಂಶ ಗೊತ್ತಾದದ್ದು ಕ್ಷೌರದಂಗಡಿಯಲ್ಲಿ. ಅಮಾವಾಸ್ಯೆಯಂದು ಪರವೂರಿಗೆ ಹೋಗಿದ್ದವರಿಗೆ ಆ ದಿನ ಚಾವಡಿಯಲ್ಲಿ ಅಳತೆ ಇತ್ತು, ಮುಗಿಸಿದವರು ಒಬ್ಬೊಬ್ಬರಾಗಿ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದರು. ನಾನು ರೂಢಿಯಂತೆ ಕೆನ್ನೆಯ ಕಡೆಯಿಂದ ನೋಡುತ್ತ ಕುಳಿತಿದ್ದೆ. ಹಮಾಲಿ ದ್ಯಾವಪ್ಪನ ಕಣ್ಣಿನ ಮೂಲೆಯಲ್ಲಿ ಕೆಂಪಗೆ ಒಂದು ಕುಳಿ ಬಿದ್ದಿತ್ತು. ಅವನ ಹೆಂಡತಿಗೆ ಅದಕ್ಕಿಂತ ಆಳವಾದ ಕುಳಿ. ಅವರ ಹಿಂದೆಯೇ ಅಪ್ಪಾಸಾಹೇಬರ ಅಳಿಯ ಬಂದ. ಅವನ ಮುಖ ಬೆಣ್ಣೆ ಸವರಿದ ಹಾಗೆ ನುಣ್ಣಗಿತ್ತು. ಮಠದ ಅಯ್ಯನವರು ಬಂದರು, ಕುಳಿ ಇಲ್ಲ. ಬಳೆಗಾರನ ವಿಧವೆ ತಂಗಿ ಬಂದಳು, ಕಣ್ಣಿನ ಮೂಲೆ ಒತ್ತಿಕೊಳ್ಳುತ್ತ ಬಂದಳು. ನನ್ನ ಕೈ ತಾನಾಗಿ ನನ್ನ ಮುಖಕ್ಕೆ ಹೋಯಿತು. ಪಂಚನಾಗಿದ್ದಾಗ ನನಗೆಂದೂ ಕುಳಿ ಬಿದ್ದಿರಲಿಲ್ಲ. ಈ ಸಲ ಅದರ ನೋವು ಸಂಜೆಯವರೆಗೂ ಇತ್ತು.

ಪಂಪಣ್ಣ ಲಂಚ ತಿಂದಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಅಪ್ಪಾಸಾಹೇಬರೇ ತಿನ್ನಿಸಿರಬೇಕು, ಪಂಚಾಯಿತಿಯಲ್ಲಿ ಎದುರುತ್ತರ ಕೊಟ್ಟದ್ದಕ್ಕೆ ನನ್ನ ಮೇಲೆ ಸೇಡು. ಅರ್ಧ ಗಡ್ಡ ಬೋಳಿಸಿಕೊಂಡವನು ಹಾಗೆಯೇ ಎದ್ದು ಚಾವಡಿಗೆ ಹೋಗಿ ಅವನ ಕೊರಳಪಟ್ಟಿ ಹಿಡಿದೆ.

"ಎಷ್ಟು ತಿಂದಿ? ಖರೇ ಹೇಳು."

"ಏನು ತಿಂದ್ನಿ ಶರಭಣ್ಣ? ಮುಂಜಾನಿ ಎರಡು ರೊಟ್ಟಿ ತಿಂದೀನಿ" ಎಂದ ಅವನು, ನಿಜವಾಗಿಯೂ ತಿಳಿಯದೆ.

ಮಣೆಯ ಮೇಲೆ ಕುಳಿತು, ಒತ್ತಿ ಅಳೆ ಎಂದೆ. ಹತ್ತೊಂಬತ್ತೂವರೆ. ಹಗುರಾಗಿ ಮುಟ್ಟಿಸಿ ಅಳೆ ಎಂದೆ. ಪಂಪಣ್ಣ ಕನ್ನಡಿ ನೋಡಿ, ಕಣ್ಣು ಉಜ್ಜಿಕೊಂಡು, ಮತ್ತೆ ನೋಡಿದ. ಹದಿನೈದೂವರೆ. ಒತ್ತಿದರೆ ಕಾಲು ಚರ್ಮದೊಳಗೆ ಇಳಿದು ಎಲುಬಿಗೆ ಹೋಗಿ ನಿಲ್ಲುತ್ತದೆ, ಕಣ್ಣು ಮುಂದೆ ಬಂದ ಹಾಗೆ ಕಾಣುತ್ತದೆ. ಹಗುರಾಗಿ ಹಿಡಿದರೆ ಕಾಲು ಚರ್ಮದ ಮೇಲೇ ನಿಲ್ಲುತ್ತದೆ, ಕಣ್ಣು ಒಳಗಿದ್ದ ಹಾಗೆ ಕಾಣುತ್ತದೆ.

"ಮತ್ತ ವಾಡೇದವರಿಗೆ ಯಾಕ ಒತ್ತೂದಿಲ್ಲ?"

"ಹೆಂಗ ಒತ್ಲಿ?" ಎಂದು ಅವನು ಅಳುವುದೊಂದೇ ಬಾಕಿ. "ದೊಡ್ಡವರ ಮಾರಿಗೆ ಕೈ ಹಚ್ಚೂದ ದೊಡ್ಡ ಮಾತು. ಮುಟ್ಟಿದಂಗ ಮಾಡಿ ತಗೀತೀನಿ. ನಮ್ಮ ಅಪ್ಪ ಹಂಗ ಕಲಿಸಿದ. ಉಳಿದವರದು ಗಟ್ಟ್ಯಾಗಿ ಹಿಡೀಬೇಕು, ಇಲ್ಲಾಂದ್ರ ಅಲುಗ್ಯಾಡ್ತಾರ. ನೀವು ಪಂಚರಿದ್ದಾಗ ನಿಮ್ಮದೂ ಹಂಗ ಹಗೂರಕ ಹಿಡೀತಿದ್ನಿ. ಹೇಮಕ್ಕಂದೂ. ಈಗ..." ಎಂದು ನಿಲ್ಲಿಸಿದ. ಈಗ ನಾನು ಯಾರೂ ಅಲ್ಲ ಎನ್ನುವುದನ್ನು ಅವನ ಬಾಯಿಂದ ಹೇಳಿಸಲು ನನಗೂ ಮನಸ್ಸಾಗಲಿಲ್ಲ.

ಲಂಚವಲ್ಲ, ಸೇಡಲ್ಲ, ಬರೀ ಮರ್ಯಾದೆ. ನಮ್ಮ ಊರಿನಲ್ಲಿ ತಲೆಮಾರುಗಳಿಂದ ಹಮಾಲರು, ವಿಧವೆಯರು, ಮನೆಗೆಲಸದವರೇ ಕಳ್ಳಗಣ್ಣಿನವರಾಗಿದ್ದದ್ದು ಇದರಿಂದ. ಎಷ್ಟು ಬಾಗಿಲಿಗೆ ಕೆಮ್ಮಣ್ಣು ಬಿದ್ದಿರಬಹುದು, ಎಷ್ಟು ಹೆಣ್ಣುಮಕ್ಕಳು ಗಂಟು ಕಟ್ಟಿಕೊಂಡು ತವರಿಗೆ ಹೋಗಿರಬಹುದು ಎಂದು ಯೋಚಿಸಬೇಕಾಗಿತ್ತು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಾನು ಯೋಚಿಸಿದ್ದು ಹೇಮವ್ವನ ವಿಷಯ ಒಂದೇ. ಅವಳು ಏನನ್ನೂ ಮುಚ್ಚಿಟ್ಟಿಲ್ಲ! ಖುಷಿಗೆ ಅರ್ಧ ಗಡ್ಡದಲ್ಲೇ ಮನೆಗೆ ಓಡಿದೆ.

ಅವಳು ಅಕ್ಕಿ ಆರಿಸುತ್ತ ಕುಳಿತಿದ್ದಳು. ಎಲ್ಲವನ್ನೂ ಹೇಳಿದೆ. ಟ್ರಂಕಿನ ವಿಷಯ ಹೇಳಲಿಲ್ಲ. ಕಿಟಕಿಯ ವಿಷಯ ಹೇಳಲಿಲ್ಲ. ಕೊನೆಗೆ, "ನನಗ ಮೊದಲ ಗೊತ್ತಿತ್ತು, ನಿನ್ನ ಮ್ಯಾಲೆ ನನಗ ಒಂದು ದಿವಸನೂ ಸಂಶೇ ಬಂದಿಲ್ಲ" ಎಂದೂ ಸೇರಿಸಿದೆ.

"ಹೌದೇನ್ರಿ" ಎಂದಳು ಹೇಮವ್ವ. ಮೊರ ಕೆಳಗಿಟ್ಟು ನನ್ನ ಕಡೆ ನೇರವಾಗಿ ತಿರುಗಿ ಕುಳಿತಳು. ಎದುರಿನಿಂದ ಅವಳ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ನಮ್ಮ ಊರಿನಲ್ಲಿ ಹಾಗೆ ಎದುರು ಕೂರುವುದು ಕೆನ್ನೆ ತೋರಿಸಬಾರದು ಎನ್ನುವವರು. ನನಗೆ ಅದು ಪ್ರೀತಿ ಎಂದೇ ಅನಿಸಿತು.

ಮುಂದೆ ನಡೆದದ್ದು ಊರಿಗೆಲ್ಲ ಗೊತ್ತು. ನಾನು ದ್ಯಾವಪ್ಪನನ್ನೂ ಬಳೆಗಾರನ ತಂಗಿಯನ್ನೂ ಕರೆದುಕೊಂಡು ಚಾವಡಿಯಲ್ಲಿ ಕುಳಿತೆ. ಒಬ್ಬರಾದ ಮೇಲೆ ಒಬ್ಬರು ಕಣ್ಣಿನ ಮೂಲೆಯ ಕುಳಿ ತೋರಿಸುತ್ತ ಬಂದು ಸೇರಿಕೊಂಡರು. ಕಣ್ಗೋಲನ್ನೇ ಕೆರೆಗೆ ಎಸೆಯೋಣ ಎಂದರು ಕೆಲವರು. ಎಸೆದರೆ ನಾಳೆ ನನ್ನ ಸೊಸೆಯನ್ನು ಹೇಗೆ ನಂಬಲಿ ಎಂದು ಒಬ್ಬ ಮುದುಕಿ ಎದ್ದು ನಿಂತಳು, ಕೆರೆಯ ಮಾತು ಅಲ್ಲಿಗೇ ಬಿತ್ತು. ಅಳತೆ ಬೇಕೇ ಬೇಕು. ಆದರೆ ಎಲ್ಲರಿಗೂ ಒಂದೇ ಭಾರದಲ್ಲಿ ಅಳೆಯಬೇಕು. ಉಪಾಯ ಹೇಳಿದವನು ನಾನೇ. ಎಲ್ಲರೂ ಚಾಪೆಯ ಮೇಲೆ ಅಂಗಾತ ಮಲಗಲಿ, ಪಂಪಣ್ಣ ಕಣ್ಗೋಲನ್ನು ಮುಖದ ಮೇಲೆ ಇಟ್ಟು ಕೈ ಬಿಡಲಿ. ಹಿತ್ತಾಳೆಯ ತೂಕಕ್ಕೆ ಹಮಾಲ ಯಾರು, ಸಾಹೇಬ ಯಾರು ಎನ್ನುವುದು ಗೊತ್ತಿಲ್ಲ. ಮಲಗಿದರೆ ಎಲ್ಲರ ಕಣ್ಣೂ ಕೊಂಚ ಒಳಗೆ ಇಳಿಯುತ್ತದೆ ಎಂದು ಪಂಪಣ್ಣ ಹೇಳಿದ, ಕೈಯ ಒತ್ತಡವೂ ಇರುವುದಿಲ್ಲವಲ್ಲ ಎಂದು ನಾನು ಹೇಳಿದೆ. ಅದಕ್ಕೆ ತಕ್ಕಂತೆ ಗುರುತನ್ನು ಹದಿನೆಂಟರಿಂದ ಹದಿನಾರಕ್ಕೆ ಇಳಿಸಿದರು.

ಅಮಾವಾಸ್ಯೆಯಂದು ಮೊದಲು ಮಲಗಿದವರು ಅಪ್ಪಾಸಾಹೇಬರು. ಪಟಕಾ ತೆಗೆದಿಟ್ಟು ಆ ದೊಡ್ಡ ದೇಹ ಚಾಪೆಯ ಮೇಲೆ ಬಿದ್ದಾಗ ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ. ಅವರದು ಹತ್ತೊಂಬತ್ತು. ಅವರು ಸೂರು ನೋಡುತ್ತ, "ಕೆರಿ ಕೋಡಿ ಕಲ್ಲು ನನ್ನ ಹಿತ್ತಲದಾಗ ಅದಾವು. ದನದ ಕೊಟ್ಟಿಗಿಗೆ ಹಾಕೀನಿ" ಎಂದರು. ಹದಿಮೂರಕ್ಕೆ ಇಳಿಯಿತು. ಎದ್ದು ಕೂತು, "ಹಗೂರಾತು ನೋಡಪಾ" ಎಂದು ನಕ್ಕರು. ಜನರೂ ನಕ್ಕರು. ದ್ಯಾವಪ್ಪನದು ಹನ್ನೊಂದು. ಬಳೆಗಾರನ ತಂಗಿಯದು ಹತ್ತು. ಅವಳು ಚಾಪೆಯಿಂದ ಏಳಲೇ ಇಲ್ಲ, ಅಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

ನಮ್ಮಿಬ್ಬರದೇ ಕೊನೆಗೆ. ಮರು ಅಳತೆಯ ಗಂಡ ಹೆಂಡತಿಯನ್ನು ಜೊತೆಯಾಗಿ ಮಲಗಿಸಬೇಕೆಂದು ಯಾರೋ ಹೇಳಿದರು. ಹೇಮವ್ವ ಸೆರಗು ಹೊದ್ದು ಮಲಗಿದಳು, ನಾನು ಪಕ್ಕದಲ್ಲಿ ಮಲಗಿದೆ. ನಮ್ಮ ಬಾಗಿಲಿನ ಕೆಮ್ಮಣ್ಣು ಇನ್ನು ಸ್ವಲ್ಪ ಹೊತ್ತಿಗೆ ತೊಳೆದು ಹೋಗುತ್ತದೆ, ಬಾಣಂತಿಯರು ಮತ್ತೆ ಕರೆಯುತ್ತಾರೆ, ಊರಿಗೆ ನನ್ನ ಬುದ್ಧಿ ಏನೆಂದು ಗೊತ್ತಾಗುತ್ತದೆ. ಬೀಗುತ್ತ ಮಲಗಿದ್ದೆ. ಪಂಪಣ್ಣ ಅವಳ ಮುಖದ ಮೇಲೆ ಕಣ್ಗೋಲು ಇಟ್ಟು ಕೈ ಬಿಟ್ಟ. ಕನ್ನಡಿಗೆ ಬಗ್ಗಿ ಗೆರೆ ಎಣಿಸಿದ.

"ಇಪ್ಪತ್ತೊಂದು."

ನನ್ನ ಮುಖದ ಮೇಲೆ ಇಟ್ಟ. ಹಿತ್ತಾಳೆ ತಣ್ಣಗಿತ್ತು.

"ಇಪ್ಪತ್ತೆರಡು."

"ತಪ್ಪು!" ಎಂದು ಕೂಗಿದೆ. ಆದರೆ ಏನು ತಪ್ಪು? ಕೈ ಇಲ್ಲ, ಒತ್ತಡವಿಲ್ಲ, ಬೆಳಕು ಬೇಕಾದಷ್ಟಿದೆ, ಕನ್ನಡಿಯನ್ನು ನಾನೇ ಬೆಳಿಗ್ಗೆ ಬೂದಿ ಹಾಕಿ ತಿಕ್ಕಿದ್ದೆ. ಸಂಶಯಪಡಲು ಊರಿನಲ್ಲಿ ನನಗೆ ಏನೂ ಉಳಿದಿರಲಿಲ್ಲ.

"ತಪ್ಪಲ್ಲ. ಬರೋಬರಿ ಐತಿ" ಎಂದಳು ಹೇಮವ್ವ. ಅವಳ ದನಿ ನನ್ನ ಕಿವಿಯ ಪಕ್ಕದಲ್ಲೇ ಇತ್ತು, ಮುಖ ಕಾಣುತ್ತಿರಲಿಲ್ಲ. "ಹೋದ ಅಮಾಸಿಗೆ ನನ್ನೊಳಗ ಏನೂ ಇದ್ದಿಲ್ಲ. ಈಗ ಐತಿ."

ಪಂಪಣ್ಣ ನನ್ನ ಮುಖದ ಮೇಲಿನ ಕಣ್ಗೋಲು ಎತ್ತಿಕೊಂಡ. ಅವಳು ಮುಂದುವರಿಸಿದಳು.

"ನೀವು ನನ್ನ ಟ್ರಂಕು ತಗದದ್ದು ನನಗ ಗೊತ್ತೈತಿ. ಮಡಿಕಿ ತಪ್ಪಿದ್ದುವು. ನಾನೂ ನಿಮ್ಮ ಜೇಬು ನೋಡೀನಿ, ನನಗೂ ಸಂಶೇ ಬಂದಿತ್ತು. ಅದನ್ನ ಹೇಳಬೇಕಂತ ದಿನಾ ಬಾಯಿಗೆ ಬರ್ತಿತ್ತು. ಆವತ್ತ ನೀವು ಓಡಿ ಬಂದು, ಒಂದು ದಿವಸನೂ ಸಂಶೇ ಬಂದಿಲ್ಲ ಅಂದ್ರಲ್ಲ, ಆಗ ಹೇಳೂದು ಬ್ಯಾಡ ಅನ್ನಿಸ್ತು. ಇವರ ಕೂಡ ಇರೂದು ಬ್ಯಾಡ ಅಂತ ಮನಸ್ಸು ಗಟ್ಟಿ ಮಾಡೀನಿ. ಅದನ್ನ ಮುಚ್ಚಿಟ್ಟಿದ್ನಿ. ಈಗ ಹೇಳೀನಿ."

ಪಂಪಣ್ಣ ಕಣ್ಗೋಲು ಇಟ್ಟು ನೋಡಿದ. "ಹನ್ನೆರಡು" ಎಂದ. ಯಾರೋ ಹೆಂಗಸು "ಪಾರಾದ್ಯವ್ವಾ" ಎಂದು ಉಸಿರುಬಿಟ್ಟಳು. ಹೇಮವ್ವ ಎದ್ದು ಸೀರೆ ಕೊಡವಿಕೊಂಡಳು. ಅವಳ ಹೆಜ್ಜೆ ಬಾಗಿಲ ಕಡೆಗೆ ಹೋದದ್ದು ಕೇಳಿಸಿತು. ಅಳತೆ ಮುಗಿಯದೆ ಚಾಪೆಯಿಂದ ಏಳುವಂತಿಲ್ಲ ಎನ್ನುವುದು ನಿಯಮ. ನಾನು ಎದ್ದು ಓಡಬೇಕಾಗಿತ್ತು. ಓಡಲಿಲ್ಲ; ನಿಯಮ ಮಾಡಿದವನು ನಾನೇ ಎಂದು ಮಲಗಿದ್ದೆ.

ಮಲಗಿದಲ್ಲಿಂದಲೇ ಅವಳಿಗೆ ಕೇಳಿಸಲಿ ಎಂದು ದೊಡ್ಡದಾಗಿ ಹೇಳಿದೆ. ಟ್ರಂಕು ಹೇಳಿದೆ, ಕಿಟಕಿ ಹೇಳಿದೆ. ನನ್ನ ಹತ್ತೊಂಬತ್ತನ್ನು ಮನ್ನಿಸಿಕೊಂಡವನಿಗೆ ಅವಳ ಇಪ್ಪತ್ತನ್ನು ಮನ್ನಿಸಲು ಮನಸ್ಸು ಬರಲಿಲ್ಲ ಎಂದು ಹೇಳಿದೆ. ಅವಳಿಲ್ಲದ ಮನೆ ನೆನೆಸಿಕೊಂಡರೆ ಹೆದರಿಕೆಯಾಗುತ್ತದೆ, ಅದನ್ನೂ ಎಂದೂ ಹೇಳಿಲ್ಲ ಎಂದು ಹೇಳಿದೆ.

"ಹದಿಮೂರು! ನಿಮ್ಮದೂ ಇಳೀತು ಶರಭಣ್ಣ!" ಎಂದ ಪಂಪಣ್ಣ. ಜನ ಚಪ್ಪಾಳೆ ತಟ್ಟಿದರು. ಅಪ್ಪಾಸಾಹೇಬರು ತಾವೇ ಕೈ ಕೊಟ್ಟು ಎಬ್ಬಿಸಿ, ನಾಳೆಯಿಂದ ಪಂಚರ ಜಾಗಕ್ಕೆ ಬಂದು ಕೂರು ಎಂದರು. ಎರಡು ಹುಡುಗಿಯರು ನೀರು, ಕಸಬರಿಗೆ ಹಿಡಿದುಕೊಂಡು ನಮ್ಮ ಬಾಗಿಲು ತೊಳೆಯಲು ಮುಂದೆ ಓಡಿದರು.

ನಾನು ಮನೆ ಮುಟ್ಟುವ ಹೊತ್ತಿಗೆ ಬಾಗಿಲಿನ ಕೆಮ್ಮಣ್ಣು ಪೂರ್ತಿ ಹೋಗಿತ್ತು, ಹೊಸ್ತಿಲು ಇನ್ನೂ ಒದ್ದೆಯಿತ್ತು. ಆ ಒದ್ದೆಯ ಮೇಲೆ ಹೊರಗೆ ಹೋದ ಹೆಜ್ಜೆಗಳಿದ್ದುವು, ಒಳಗೆ ಬಂದ ಹೆಜ್ಜೆ ಇರಲಿಲ್ಲ.